ಗಾಳಿ ಮನಿಯ ಒಂದೇ ನಿಯಮ

ಗಾಳಿ ಮನಿ ಆಟಕ್ಕೆ ಇದ್ದದ್ದು ಒಂದೇ ನಿಯಮ. ಅದನ್ನು ಮಾಡಿದವಳು ರಜಿಯಾಬೇಗಂ. ಮುರಿದವನು ನಾನು.

ಆಗ ನಾನು ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ತೂಕದ ಕೆಲಸ ಮಾಡುತ್ತಿದ್ದೆ. ಕೆಲಸ ಮುಗಿದ ಮೇಲೆ ಎರಡು ತಾಸು ಸಂಜೆ ಶಾಲೆ. ರಜಿಯಾಬೇಗಂ ಮತ್ತು ಹೊಳಿಯಪ್ಪ ಅಲ್ಲಿಯೇ ಪರಿಚಯವಾದವರು. ರಜಿಯಾ ಬಟ್ಟೆ ಹೊಲಿದು ಬದುಕುತ್ತಿದ್ದಳು. ನನಗಿಂತ ಆರು ವರ್ಷ ದೊಡ್ಡವಳು, ಆದ್ದರಿಂದ ಆಪಾ ಎನ್ನುತ್ತಿದ್ದೆ. ಹೊಳಿಯಪ್ಪ ನಮ್ಮ ಗಿರಣಿಯ ಹಮಾಲ. ಬಯಲಾಟದಲ್ಲಿ ರಕ್ಕಸನ ಪಾತ್ರ ಮಾಡಿ ಮಾಡಿ ಅವನ ಗಂಟಲು ಒಡೆದುಹೋಗಿತ್ತು. ಮನೆಯಲ್ಲಿ ಉಪ್ಪು ಕೇಳಿದರೂ ಮಕ್ಕಳು ಬೆಚ್ಚುತ್ತಿದ್ದವಂತೆ.

ನಮ್ಮ ಕಡೆ ಹೋಳಿ ಹುಣ್ಣಿಮೆಗೆ ಸೋಗು ಹಾಕುತ್ತಾರೆ. ಒಬ್ಬ ಪೊಲೀಸ, ಒಬ್ಬ ಡಾಕ್ಟರ, ಒಬ್ಬ ಸತ್ತ ಹೆಣ. ಸೋಗಿನವರು ಓಣಿ ತುಂಬ ಆಡುತ್ತಾರೆ, ಜನ ನಿಂತು ನಗುತ್ತಾರೆ. 1983ರ ಹೋಳಿಗೆ ನಾವು ಅದನ್ನು ತಿರುವಿ ಹಾಕಿದೆವು. ನೋಡಲು ಬಂದವರಿಗೇ ಸೋಗು ಹಾಕಿಸುವುದು, ಅವರನ್ನು ಕತ್ತಲೆಯಲ್ಲಿ ಹೆದರಿಸುವುದು. ಹೋಳಿಯ ಹೊತ್ತಿಗೆ ಹಳೆಯ ಭತ್ತ ಖಾಲಿಯಾಗಿ ಗೋದಾಮು ಬರಿದಾಗಿರುತ್ತಿತ್ತು. ಮಾಲೀಕರು, "ಬೆಂಕಿ ಹತ್ತಿಸಬ್ಯಾಡ್ರಿ, ಬಾಕಿದ್ದು ಏನರೆ ಮಾಡ್ಕೊಳ್ರಿ," ಎಂದರು.

ಆಟ ಹೀಗೆ. ಎಂಟು ಮಂದಿ ಒಳಗೆ ಬರುವುದು. ಬಾಗಿಲಲ್ಲಿ ತಂಬಿಗೆಯಿಂದ ಒಂದೊಂದು ಚೀಟಿ ಎತ್ತುವುದು. ಒಬ್ಬ ಗೌಡ, ಒಬ್ಬಾಕೆ ಗೌಡ್ತಿ, ಒಬ್ಬ ಪೂಜಾರಿ, ನಾಲ್ವರು ನೆಂಟರು. ಎಂಟನೆಯದು ಗಾಳಿ ಚೀಟಿ. ಅದು ಬಂದವರ ಮೈಯಲ್ಲಿ ಗಾಳಿ ಹೊಕ್ಕಿದೆ, ಆದರೆ ಅವರೂ ತಾವು ನೆಂಟರೆಂದೇ ಹೇಳಿಕೊಳ್ಳಬೇಕು. ಕತ್ತಲೆಯಲ್ಲಿ ಗಡಿಗೆ ಉರುಳುತ್ತದೆ, ಅಟ್ಟದ ಮೇಲೆ ಹೊಳಿಯಪ್ಪ ನರಳುತ್ತಾನೆ, ಕಾಲಿಗೆ ಒದ್ದೆ ಬಟ್ಟೆ ತಾಗುತ್ತದೆ. ಒಂದೊಂದು ಸಲ ಬೆಚ್ಚಿದ ಮೇಲೂ ಗೌಡನಾದವನು ಎಲ್ಲರನ್ನೂ ವಿಚಾರಿಸಬೇಕು. ಕೊನೆಗೆ ಗಾಳಿ ಹೊಕ್ಕವರನ್ನು ಹಿಡಿದು ನಡುವಿನ ಒರಳುಕಲ್ಲಿನ ಮೇಲೆ ಕೂರಿಸಿ, ಅರಿಶಿನದ ನೀರು ಚಿಮುಕಿಸಿದರೆ ಆಟ ಮುಗಿಯಿತು.

ಹೇಳುವುದು ಸುಲಭ. ಸಂಜೆ ಕತ್ತಲಾದ ಮೇಲೆ ಆಡೋಣ ಎಂದರೆ ಹಳ್ಳಿಯವರಿಗೆ ಕೊನೆಯ ಬಸ್ಸಿನ ಚಿಂತೆ. ಹಾಗಾಗಿ ಮಧ್ಯಾಹ್ನ ಎರಡು ಗಂಟೆಗೇ ಕತ್ತಲೆ ಮಾಡಬೇಕಾಯಿತು. ಗೋದಾಮಿನ ಒಂದೊಂದು ಸಂದಿಗೂ ಗೋಣಿತಟ್ಟು ತುರುಕಿದೆವು. ಬಂದವರು ಗುಡಿಯೆಂಬಂತೆ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಬಂದರು, ಹೊಟ್ಟಿನ ನೆಲದ ಮೇಲೆ ಕಾಲು ಕೆರೆದುಕೊಂಡೇ ಹೊತ್ತು ಕಳೆದರು. ಹೊಳಿಯಪ್ಪ ಅಟ್ಟದಿಂದ, "ನಾ ಸತ್ತು ನೂರ ವರ್ಷ ಆತು," ಎಂದು ಗುಡುಗಿದರೆ ಒಬ್ಬ ಮುದುಕ ತಲೆ ಎತ್ತಿ ಕೇಳಿದ: "ಯಾ ಊರಾಗ ಸತ್ತೆಪಾ?" ಹೊಳಿಯಪ್ಪ ಗಾಬರಿಯಲ್ಲಿ, "ಇಲ್ಲೇ ಕಾರಟಗಿ ಕಡೆ," ಎಂದುಬಿಟ್ಟ. ಆಮೇಲೆ ಅವರಿಬ್ಬರೂ ಕಾರಟಗಿಯ ಬೀಗರ ಮಾತು ತೆಗೆದರು.

ಮೂರನೆಯ ದಿನ ಶೇಖರಮ್ಮ ಎಂಬ ಹೆಂಗಸಿಗೆ ನಿಜವಾಗಿಯೇ ಮೈ ತುಂಬಿ ದೇವಿ ಬಂದಳು. ಹೆದರಿಸಬೇಕಾಗಿದ್ದ ನಾವೇ ಅಡ್ಡಬಿದ್ದೆವು. ದೇವಿ, "ಈ ಒರಳು ಇಲ್ಲಿಂದ ತೆಗೀರಿ," ಎಂದು ಅಪ್ಪಣೆ ಕೊಟ್ಟಳು. ಹೊಳಿಯಪ್ಪ ಕಾಯಿ ಒಡೆದ. ಒರಳನ್ನು ಮಾತ್ರ ನಾನು ತೆಗೆಯಲಿಲ್ಲ. ಅದೇ ಜಾಗದಲ್ಲಿ ಇರಲೆಂದು ಹಟ ಹಿಡಿದೆ.

ಅದಾದ ಮೇಲೆ ರಜಿಯಾ ನಿಯಮ ಮಾಡಿದಳು. "ಸಾಕು ಅನ್ನಿಸಿದವರು ಕೈ ಮುಗೀಬೇಕು. ಮುಗದ ಕೂಡಲೆ ನೀ ತಗಡು ಬಡಿ, ನಾ ಕಂದೀಲು ಎತ್ತತೀನಿ. ಆಟ ಬಂದ್." ಕಂದೀಲು ಅವಳ ಬಳಿ, ತಟ್ಟಿನ ಪರದೆಯ ಹಿಂದೆ, ಡಬ್ಬಿ ಮುಚ್ಚಿಕೊಂಡು ಇರುತ್ತಿತ್ತು. ಆದರೆ ನಮ್ಮ ಜನ ದೆವ್ವಕ್ಕೂ ಕೈ ಮುಗಿಯುವವರು. ಒಳಗೆ ಕಾಲಿಟ್ಟವರೇ ಕತ್ತಲೆಗೆ ಕೈ ಮುಗಿದರು, ನಾನು ತಗಡು ಬಡಿದೆ, ಬೆಳಕಾಯಿತು, ಎಂಟೂ ಮಂದಿ ಪಿಳಿಪಿಳಿ ನೋಡಿದರು. ಅದಕ್ಕೇ ನಿಯಮ ತಿದ್ದಿದೆವು: ಎದೆಗೆ ಮುಗಿದರೆ ನಮಸ್ಕಾರ, ತಲೆಯ ಮೇಲೆ ಮುಗಿದರೆ ಮಾತ್ರ ಆಟ ನಿಲ್ಲಬೇಕು.

ಆ ದಿನ ಗೋಣಿತಟ್ಟು ಮಡಿಸುತ್ತ ರಜಿಯಾ ಕೇಳಿದಳು: "ಗಾದಣ್ಣ, ಈ ಆಟ ನಿನಗ ಎಲ್ಲಿ ಸಿಕ್ತು?"

"ತಲ್ಯಾಗ ಬಂತು, ಆಪಾ."

ಅದು ಸುಳ್ಳು. ಈ ಆಟ ನಾನು ಹನ್ನೊಂದು ವರ್ಷದವನಿದ್ದಾಗ ನೋಡಿದ್ದು.

ನಮ್ಮೂರು ಬೇವೂರಿನ ಆಚೆಗಿನ ಒಂದು ಸಣ್ಣ ಹಳ್ಳಿ. 1971ರಲ್ಲಿ ಊರ ಹಿರಿಯನಾದ ಮುದುಕಪ್ಪ ಎಂಬವನ ಮನೆಯ ಮೇಲೆ ಕಲ್ಲು ಬಿದ್ದವು, ಗಳದ ಮೇಲಿನ ಸೀರೆ ಹೊತ್ತಿಕೊಂಡಿತು, ಎಮ್ಮೆ ಹಾಲು ನಿಲ್ಲಿಸಿತು. ಭಾನಾಮತಿ ಎಂದರು. ಯಾರು ಮಾಡಿಸಿದರು ಎಂದು ಕಟ್ಟೆಯ ಮೇಲೆ ಕೂತು ವಿಚಾರಿಸಿದರು. ಆ ವಾರ ಅವನ ಮನೆಗೆ ಮಜ್ಜಿಗೆ ಕೇಳಲು ಹೋಗಿದ್ದವಳು ನನ್ನ ಅವ್ವ ಮಾರೆವ್ವ. ಗಂಡ ಸತ್ತವಳು, ಕೂಲಿಯವಳು, ಕೇಳುವವರು ಯಾರೂ ಇಲ್ಲದವಳು. ಅವಳನ್ನು ಎಳೆದು ತಂದು ಒರಳುಕಲ್ಲಿನ ಮೇಲೆ ಕೂರಿಸಿದರು. ಮುದುಕಪ್ಪ ತನ್ನ ಕೈಯಾರೆ ಇಕ್ಕಳ ಹಿಡಿದ. "ಹಲ್ಲು ಇದ್ರ ಮಂತ್ರ, ಹಲ್ಲು ಇಲ್ದಿದ್ರ ಬರೇ ಉಸುರು," ಎಂದ. ಮೇಲಿನವು ಎರಡು, ಕೆಳಗಿನವು ಎರಡು. ಅವ್ವ ಎರಡೂ ಕೈ ತಲೆಯ ಮೇಲೆ ಎತ್ತಿ ಮುಗಿದೇ ಇದ್ದಳು. ಆಮೇಲೆ, "ದುರಗಮ್ಮನ ಹೆಸರು ಹೇಳು," ಎಂದ. ರಕ್ತ ತುಂಬಿದ ಬಾಯಿಂದ ಹೆಸರು ಹೊರಡಲಿಲ್ಲ. "ನೋಡ್ರಿ, ದೇವರ ಹೆಸರು ಹೇಳಾಕ ಬರವಲ್ದು," ಎಂದು ಜನರ ಕಡೆ ತಿರುಗಿದ. ಜನ ಹೌದೆಂದು ತಲೆ ಆಡಿಸಿದರು.

ನಾವು ಮರುದಿನವೇ ಊರು ಬಿಟ್ಟು ಗಂಗಾವತಿಗೆ ಬಂದೆವು. ಅವ್ವನ ಉಳಿದ ಹಲ್ಲುಗಳೂ ಒಂದೊಂದಾಗಿ ಅಲುಗಿ ಉದುರಿದವು. ಹದಿಮೂರು ವರ್ಷ ಅವಳು ಬಾಯಿಗೆ ಸೆರಗು ಅಡ್ಡ ಹಿಡಿದೇ ಮಾತನಾಡಿದಳು, ರೊಟ್ಟಿಯನ್ನು ನೀರಲ್ಲಿ ನೆನೆಹಾಕಿಯೇ ತಿಂದಳು.

ಆಟ ಕಟ್ಟಿದ ಮೊದಲ ದಿನದಿಂದಲೂ ಆ ಒರಳಿನ ಮೇಲೆ ನನ್ನ ಕಣ್ಣಿಗೆ ಕಾಣುತ್ತಿದ್ದವನು ಮುದುಕಪ್ಪನೊಬ್ಬನೇ. ಯಾರಿಗೂ ಹೇಳಿರಲಿಲ್ಲ. ನನಗೆ ನಾನೇ ಹೇಳಿಕೊಳ್ಳಲೂ ಹೆದರುತ್ತಿದ್ದೆ.

ಅವನ ಮಗಳನ್ನು ಗಂಗಾವತಿ ಬಳಿಯ ಮರಳಿ ಎಂಬ ಊರಿಗೆ ಕೊಟ್ಟಿದ್ದಾರೆಂದು ಗೊತ್ತಿತ್ತು. 1984ರ ಹೋಳಿಗೆ ವಾರವಿರುವಾಗ ಸೈಕಲ್ ಹತ್ತಿ ಹೊರಟೆ. ಮೊದಲ ಸಲ ಕಾಲುವೆಯ ಸೇತುವೆಯಿಂದಲೇ ಹಿಂದಿರುಗಿದೆ. ನಾನು ಮಾಡಲು ಹೊರಟಿದ್ದು ಅವನು ಮಾಡಿದ್ದಕ್ಕಿಂತ ಬೇರೆಯೇ, ಎಂದು ರಾತ್ರಿಯೆಲ್ಲ ಕೇಳಿಕೊಂಡೆ. ಬೆಳಿಗ್ಗೆ ಅವ್ವ ರೊಟ್ಟಿ ನೆನೆಹಾಕುತ್ತಿದ್ದುದನ್ನು ನೋಡಿ ಮತ್ತೆ ಸೈಕಲ್ ಹತ್ತಿದೆ.

ಅಳಿಯ ವಿರುಪಣ್ಣ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಗಾಳಿ ಮನಿ ಆಟಕ್ಕೆ ಬರಬೇಕೆಂದು ಕರೆದೆ.

"ದೆವ್ವ ನೋಡಾಕ ಗಂಗಾವತಿ ತನಕ ಯಾಕ ಬರಬೇಕೋ ತಮ್ಮಾ? ನಮ್ಮ ಮನ್ಯಾಗ ಐತಲ್ಲ."

"ಕೇಳಸ್ತೈತಿ ನನಗ," ಎಂದು ಒಳಗಿನಿಂದ ಅವನ ಹೆಂಡತಿಯ ದನಿ ಬಂತು.

"ನಿಮ್ಮ ಮಾವನೋರು ಹೋಳಿಗೆ ಬರತಾರಂತಲ್ರಿ. ಅವರನ್ನೂ ಕರಕೊಂಡು ಬರ್ರಿ. ಹಿರೇರು ಬಂದ್ರ ಆಟಕ್ಕ ಒಂದು ತೂಕ."

"ಮಾವ ದೆವ್ವಕ್ಕ ಹೆದರಾಂವ ಅಲ್ಲೋ. ದೆವ್ವನ ಅವಗ ಹೆದರತಾವು." ಸ್ವಲ್ಪ ತಡೆದು, ಹಗ್ಗ ತಿರುಚುತ್ತ ಹೇಳಿದ: "ಬರತೀವಿ. ಅವ ಹೆದರೂದು ನಾನೂ ಒಮ್ಮೆ ನೋಡಬೇಕು."

ಹೋಳಿಯ ಎರಡನೆಯ ದಿನ ಮಧ್ಯಾಹ್ನ ಅವರು ಬಂದರು. ವಿರುಪಣ್ಣ, ಅವನ ಹೆಂಡತಿ, ಮರಳಿಯ ಇನ್ನು ಐದು ಮಂದಿ, ಮತ್ತು ಬಿಳಿ ರುಮಾಲಿನ ಮುದುಕಪ್ಪ. ವಯಸ್ಸು ಎಪ್ಪತ್ತು ದಾಟಿತ್ತು, ಬೆನ್ನು ಬಾಗಿರಲಿಲ್ಲ. ಬಾಗಿಲಲ್ಲಿದ್ದ ನನ್ನ ಸ್ಟೂಲಿನ ಮೇಲೆ ತಾನೇ ಕೂತ.

"ಯಾರ ಮಗಪಾ ನೀ?"

"ಇದ ಗಿರಣ್ಯಾಗ ಇರತೀನ್ರಿ."

"ಯಾರ ಮಗ ಅಂದ್ರ ಗಿರಣಿ ಅಂತಾನ," ಎಂದು ಅವನು ನಕ್ಕ. ಎಲ್ಲರೂ ನಕ್ಕರು. ಅವನ ಹಲ್ಲುಗಳು ಬೆಳ್ಳಗೆ, ಸಾಲಾಗಿ, ಒಂದೂ ಕುಂದಿಲ್ಲದಂತೆ ಹೊಳೆದವು. ನನ್ನ ಅಂಗಿಯ ಜೇಬಿನಲ್ಲಿ ಇಕ್ಕಳವಿತ್ತು. ಅದನ್ನು ಒತ್ತಿ ಹಿಡಿದುಕೊಂಡೆ.

ಗಾಳಿ ಚೀಟಿ ಅವನಿಗೇ ಬರುವಂತೆ ತಂಬಿಗೆಯಲ್ಲಿ ಎಂಟೂ ಗಾಳಿ ಚೀಟಿಗಳನ್ನೇ ಹಾಕಬೇಕೆಂದು ಹಿಂದಿನ ದಿನ ಬರೆದಿಟ್ಟಿದ್ದೆ. ಬೆಳಿಗ್ಗೆ ಧೈರ್ಯ ಸಾಲದೆ ಹರಿದುಹಾಕಿದೆ. ದೈವ ಕೊಟ್ಟರೆ ಕೊಡಲಿ, ಇಲ್ಲದಿದ್ದರೆ ಇಲ್ಲ ಎಂದುಕೊಂಡೆ. ಹಿರಿಯನಾದ್ದರಿಂದ ಅವನೇ ಮೊದಲು ಕೈ ಹಾಕಿದ. ಚೀಟಿ ತೆಗೆದು ನನಗೆ ಚಾಚಿದ.

"ನೀನ ಓದು. ನಮಗೆಲ್ಲಿ ಸಾಲಿ?"

ಚೀಟಿಯಲ್ಲಿ 'ಗೌಡ' ಎಂದಿತ್ತು.

ಓದು ಬಾರದವರ ಚೀಟಿಯನ್ನು ಕಿವಿಯಲ್ಲಿ ಓದಿ ಹೇಳುವುದು ನನ್ನ ಕೆಲಸವೇ ಆಗಿತ್ತು. ಒಂದು ದಿನವೂ ತಪ್ಪು ಓದಿದವನಲ್ಲ. ಅವನ ಕಿವಿಗೆ ಬಾಗಿದೆ. "ಗಾಳಿ ನಿಮಗ ಬಂದೈತ್ರಿ. ಯಾರಿಗೂ ಹೇಳಬ್ಯಾಡ್ರಿ. ನೆಂಟ ಅನ್ರಿ," ಎಂದೆ. ಅವನಿಗೆ ಖುಷಿಯಾಯಿತು. ಕಣ್ಣು ಮಿಟುಕಿಸಿದ.

ನಿಜವಾದ ಗಾಳಿ ಚೀಟಿ ಬಂದದ್ದು ವಿರುಪಣ್ಣನಿಗೆ. ಅವನಿಗೂ ಓದು ಬರುತ್ತಿರಲಿಲ್ಲ. ಅವನ ಕಿವಿಯಲ್ಲಿ "ಗೌಡ" ಎಂದೆ. ಎರಡನೆಯ ಸುಳ್ಳು ಮೊದಲನೆಯದಕ್ಕಿಂತ ಸಲೀಸಾಗಿ ಬಂತು.

ಒಳಗೆ ಕತ್ತಲಾಯಿತು. ಗಡಿಗೆ ಉರುಳಿತು, ಹೊಳಿಯಪ್ಪ ನರಳಿದ. ವಿರುಪಣ್ಣ ಗೌಡನಾಗಿ ಗಂಟಲು ಸರಿಮಾಡಿಕೊಂಡ. ಮದುವೆಯಾದ ಇಪ್ಪತ್ತು ವರ್ಷಗಳಲ್ಲಿ ಮಾವನೆದುರು ಅವನು ದನಿ ಎತ್ತಿದ್ದು ಅದೇ ಮೊದಲಿರಬೇಕು.

"ಎಲ್ಲರೂ ಕೇಳ್ರಿ. ನಮ್ಮ ಮಾವ ಮನಿಗೆ ಬಂದು ಮೂರು ದಿನ ಆತು. ಮೂರು ದಿನದಿಂದ ಎಮ್ಮಿ ಒದೀತೈತಿ. ನಾ ಹೇಳೂದು ಇಷ್ಟ."

"ನೀ ಹಿಂಡಾಕ ಕುಂತ್ರ ಯಾ ಎಮ್ಮಿ ಒದಿಯಂಗಿಲ್ಲೋ?" ಎಂದ ಮುದುಕಪ್ಪ.

"ನೋಡ್ರಿ, ಗೌಡಗ ಎದುರ ಮಾತಾಡತಾನ. ಗಾಳಿನ ಇದು."

"ಗೌಡ್ತಿ ಏನಂತಾಳು?" ಎಂದು ಯಾರೋ ಕೇಳಿದರು. ಗೌಡ್ತಿಯ ಚೀಟಿ ಮುದುಕಪ್ಪನ ಮಗಳಿಗೇ ಬಂದಿತ್ತು. "ನಾನೇನು ಅನ್ನಲಿ. ಯಪ್ಪನ ಮುಂದ ನಾ ಬಾಯಿ ತೆಗದಾಕ್ಯಲ್ಲ," ಎಂದಳು. ಎಲ್ಲರೂ ನಕ್ಕರು. ನಗುತ್ತಲೇ ಮುದುಕಪ್ಪನ ತೋಳು ಹಿಡಿದು ಒರಳುಕಲ್ಲಿನ ಮೇಲೆ ಕೂರಿಸಿದರು.

ಆಗ ಅರಿಶಿನದ ನೀರಿನೊಂದಿಗೆ ಪೂಜಾರಿ ಬರಬೇಕಾಗಿತ್ತು. ಕರಿ ಕಂಬಳಿ ಹೊದ್ದು ನಾನು ಬಂದೆ. ಅವನೆದುರು ಕುಕ್ಕರಗಾಲಲ್ಲಿ ಕೂತೆ. ತಟ್ಟಿನ ಸಂದಿಯಿಂದ ಬೀಳುತ್ತಿದ್ದ ಒಂದು ಎಳೆ ಬಿಸಿಲಿನಲ್ಲಿ ಇಕ್ಕಳ ಹಿಡಿದೆ.

"ಹಲ್ಲು ಇದ್ರ ಮಂತ್ರ," ಎಂದೆ. "ಹಲ್ಲು ಇಲ್ದಿದ್ರ ಬರೇ ಉಸುರು."

ನಗು ನಿಂತಿತು. ಅವನ ಮುಖದ ಮೇಲೆ ಏನಾದರೂ ಆಗುತ್ತದೆಯೆಂದು ಹದಿಮೂರು ವರ್ಷ ಕಾದಿದ್ದೆ. ಅವನು ಇಕ್ಕಳ ನೋಡಿದ. ಆಮೇಲೆ ನಿಧಾನವಾಗಿ ಬಾಯಿಗೆ ಎರಡು ಬೆರಳು ಹಾಕಿ, ಮೇಲಿನ ಸಾಲು, ಕೆಳಗಿನ ಸಾಲು ಎರಡನ್ನೂ ಬಿಚ್ಚಿ ತೆಗೆದು ನನ್ನ ಅಂಗೈಯಲ್ಲಿ ಇಟ್ಟ.

"ತಗೋ," ಎಂದ, ವಸಡಿನಿಂದ ತೊದಲುತ್ತ. "ಕೀಳೂ ಕೆಲಸ ಉಳೀತು ನಿನಗ. ಬಳ್ಳಾರ್ಯಾಗ ಕಟ್ಟಿಸೀನಿ."

ಗೋದಾಮು ಬಿದ್ದುಹೋಗುವಂತೆ ಎಲ್ಲರೂ ನಕ್ಕರು. ಅಟ್ಟದ ಮೇಲಿನ ದೆವ್ವವೂ ನಕ್ಕಿತು. ನನ್ನ ಕೈಯಲ್ಲಿ ಒದ್ದೆಯಾದ, ಬೆಚ್ಚಗಿನ ಹಲ್ಲಿನ ಸೆಟ್ಟು. ಇಷ್ಟು ವರ್ಷ ಕಾದದ್ದು ಇದಕ್ಕೇನು ಎನ್ನಿಸಿತು. ಎದ್ದು ಹೋಗಿ ತಗಡು ಬಡಿದಿದ್ದರೆ ಎಲ್ಲವೂ ಅಲ್ಲಿಗೆ ಮುಗಿಯುತ್ತಿತ್ತು. ಅವನು ಮನೆಗೆ ಹೋಗಿ ಇದೇ ಕತೆ ಹೇಳಿ ಇನ್ನೂ ಹತ್ತು ವರ್ಷ ನಗಿಸುತ್ತಿದ್ದ.

"ಆತು, ಕೊಡು," ಎಂದು ಕೈ ಚಾಚಿದ.

ನಾನು ಮುಷ್ಟಿ ಮುಚ್ಚಿದೆ. "ಈಗ ದುರಗಮ್ಮನ ಹೆಸರು ಹೇಳು."

ಅವನ ಕೈ ಗಾಳಿಯಲ್ಲೇ ನಿಂತಿತು. ಆಗ ಅವನಿಗೆ ತಿಳಿಯಿತು. ಆ ಎಳೆ ಬಿಸಿಲಿನಲ್ಲಿ ಅವನ ಕಣ್ಣು ನನ್ನ ಮುಖದ ಮೇಲೆ ಓಡಾಡಿ, ಹಣೆಯಲ್ಲೋ ಮೂಗಿನಲ್ಲೋ ನನ್ನ ಅವ್ವನನ್ನು ಹುಡುಕಿ ಹಿಡಿದದ್ದು ಕಂಡಿತು.

"ಹೇಳು. ಜನಾ ಕೇಳಾಕ ಹತ್ಯಾರ."

ಹೇಳಲು ಹೋದ. ಗಾಬರಿಗೆ ನಾಲಿಗೆ ತೊಡರಿ, ವಸಡುಗಳ ನಡುವೆ ಬರೀ ಉಸಿರು ಸಿಳ್ಳಿನಂತೆ ಹೊರಟಿತು, ಹೆಸರು ಒಳಗೇ ಉಳಿಯಿತು. ಜನ ಮತ್ತೆ ನಕ್ಕರು, ಇದೂ ಆಟವೆಂದೇ ತಿಳಿದು. ವಿರುಪಣ್ಣ ಎಲ್ಲರಿಗಿಂತ ಜೋರಾಗಿ, "ದೇವರ ಹೆಸರು ಬರವಲ್ದು, ಗಾಳಿನ ಇದು, ಖರೇ," ಎಂದ. ಇನ್ನೊಮ್ಮೆ ಹೇಳು ಎಂದೆ. ಇನ್ನೊಮ್ಮೆ. ಮೂರನೆಯ ಸಲಕ್ಕೆ ಅವನ ಗದ್ದದಿಂದ ಜೊಲ್ಲು ಇಳಿಯಿತು.

ಅವನು ಎದೆಯ ಬಳಿ ಕೈ ಮುಗಿದ. ಅದು ನಮಸ್ಕಾರ. ನಾನು ಕಾದೆ. ಕೈಗಳು ಮೇಲೇರಿ, ರುಮಾಲಿನ ಮೇಲೆ ಕೂಡಿಕೊಂಡವು.

ತಗಡು ನನ್ನ ಮೊಣಕಾಲಿನ ಪಕ್ಕದಲ್ಲೇ ಇತ್ತು. ಬಡಿಯಲಿಲ್ಲ. ಅಂದು ಅವ್ವ ಹಾಗೆಯೇ ಕೈ ಮುಗಿದುಕೊಂಡಿದ್ದದ್ದು ನಾಲ್ಕು ಹಲ್ಲಿನಷ್ಟು ಹೊತ್ತು. ಅಷ್ಟು ಹೊತ್ತು ಎಷ್ಟೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಒಂದೊಂದನ್ನೇ ಎಣಿಸಿದೆ. ನಗು ಕ್ಷೀಣಿಸಿತು. "ಸಾಕು ಬಿಡೋ ತಮ್ಮಾ, ಯಪ್ಪಗ ಆಗವಲ್ದು," ಎಂದು ಅವನ ಮಗಳು ಸಣ್ಣ ದನಿಯಲ್ಲಿ ಹೇಳಿದಳು. ಮೂರಕ್ಕೆ ಬಂದಿದ್ದೆ.

ಫಕ್ಕನೆ ಬೆಳಕಾಯಿತು. ರಜಿಯಾ ತಟ್ಟನ್ನು ಕಿತ್ತು, ಕಂದೀಲು ಎತ್ತಿ ಹಿಡಿದು ನಿಂತಿದ್ದಳು. ಅವಳು ಮುದುಕಪ್ಪನನ್ನು ನೋಡಲಿಲ್ಲ. ನನ್ನನ್ನು ನೋಡಿದಳು.

ಎಲ್ಲರೂ ಹೊರಟ ಮೇಲೆ ಬಾಗಿಲಲ್ಲಿ ನಿಂತು ಅವಳು ಕೇಳಿದಳು: "ಕೈ ಎತ್ತಿದ್ದು ಕಂಡಿತ್ತಿಲ್ಲೋ ನಿನಗ?"

"ಕಂಡಿತ್ತು, ಆಪಾ."

ಅವ್ವನ ಕತೆಯನ್ನೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿದಳು. ಕಣ್ಣಲ್ಲಿ ನೀರೂ ಬಂತು. ಆದರೆ ಹೇಳಿದ್ದು ಇಷ್ಟೇ: "ಮೊದಲ ಹೇಳಿದ್ರ ನಾನೂ ಅವಗ ಎರಡು ಬಡದು ಬರತಿದ್ದೆ. ನಿಯಮಕ್ಕ ಯಾಕ ಮೋಸ ಮಾಡಿದಿ? ಇನ್ನ ನಾ ಕಂದೀಲು ಹಿಡಿಯಂಗಿಲ್ಲ." ಅವಳು ಮತ್ತೆ ಬರಲಿಲ್ಲ. ಅವಳಿಲ್ಲದೆ ಆಟವೂ ನಡೆಯಲಿಲ್ಲ.

ಗದ್ದಲದಲ್ಲಿ ಹಲ್ಲಿನ ಸೆಟ್ಟು ನನ್ನ ಮುಷ್ಟಿಯಲ್ಲೇ ಉಳಿದಿತ್ತು. ಮರೆತು ಉಳಿಯಿತೆಂದು ಬರೆಯಬಹುದು. ಮರೆತಿರಲಿಲ್ಲ.

ಮನೆಗೆ ತಂದು ಅವ್ವನ ಮುಂದೆ ಇಟ್ಟೆ. ಅವಳು ಯಾರವೆಂದು ಕೇಳಿದಳು. ಹೇಳಿದೆ. ಬಹಳ ಹೊತ್ತು ತಿರುವಿ ತಿರುವಿ ನೋಡಿದಳು. ತೊಳೆದಳು. ಒಮ್ಮೆ ತನ್ನ ಬಾಯಿಗೆ ಹಚ್ಚಿ ನೋಡಿ, "ನನಗ ದೊಡ್ಡವು," ಎಂದು ತೆಗೆದು ಒಲೆಯ ಮೇಲಿನ ಗೂಡಿನಲ್ಲಿ ಇಟ್ಟಳು.

"ಕೊಟ್ಟು ಬರಲೇನು, ಯವ್ವಾ?" ಎಂದೆ. ನನಗೆ ಹೆದರಿಕೆ ಶುರುವಾಗಿತ್ತು. ಪೊಲೀಸರು, ಮಾಲೀಕರು, ಮರಳಿಯ ಜನ, ಎಲ್ಲರೂ ಕಣ್ಣ ಮುಂದೆ ಬಂದರು.

"ನೀ ಯಾಕ ಹೋಗತಿ? ಬೇಕಾದಾಂವ ಬರತಾನ."

ಬಂದ. ಮರುದಿನ ಬೆಳಿಗ್ಗೆ, ಅಳಿಯನ ಭುಜ ಹಿಡಿದುಕೊಂಡು. ಬಾಯಿಗೆ ಟವೆಲ್ ಅಡ್ಡ ಹಿಡಿದಿದ್ದ. ಹೊಸ್ತಿಲಲ್ಲಿ ನಿಂತು ಏನೋ ಹೇಳಿದ.

ಅವ್ವ ಬುಟ್ಟಿಯಿಂದ ರೊಟ್ಟಿ ತೆಗೆಯುತ್ತಿದ್ದವಳು ತಲೆ ಎತ್ತಿದಳು. "ಏನಂದ್ಯಪಾ? ತಿಳೀವಲ್ದು."

ಅವನು ಮತ್ತೆ ಹೇಳಿದ. ನನಗೆ ತಿಳಿಯಿತು, ವಿರುಪಣ್ಣನಿಗೂ ತಿಳಿಯಿತು. "ಹಲ್ಲು ಕೊಡಬೇಕಂತ, ಯವ್ವಾ," ಎಂದ ವಿರುಪಣ್ಣ.

"ಅವನ ಬಾಯ್ಲೆ ಅನ್ಲಿ. ನಿನ್ನ ಹಲ್ಲು ನಾ ಏನು ಮಾಡಲಿ?"

ಮೂರನೆಯ ಸಲ ಅವನು ಟವೆಲ್ ತೆಗೆದು, ಒಂದೊಂದೇ ಮಾತನ್ನು ತಳ್ಳಿ ತಳ್ಳಿ ಹೇಳಿದ. ಅವ್ವ ಅವನ ಬಾಯನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು ಚಾಪೆ ಹಾಸಿದಳು.

"ಕೊಡತೀನಿ. ಕೊಡದ ಎಲ್ಲಿ ಹೋಗಲಿ? ನನ್ನ ಮನಿಗೆ ಬಂದಿ, ಒಂದು ರೊಟ್ಟಿ ತಿಂದು ಹೋಗು."

ಬೇಡವೆನ್ನುವಂತಿಲ್ಲ. ಮನೆಗೆ ಬಂದವರು ಮುಂದಿಟ್ಟ ತಾಟನ್ನು ಬಿಟ್ಟು ಎದ್ದರೆ ನಮ್ಮಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಅವನು ಹಿರಿಯ, ಇನ್ನೊಬ್ಬರಿಗೆ ಇಂಥದ್ದನ್ನೆಲ್ಲ ಹೇಳಿಕೊಟ್ಟವನು. ಕೂತ. ಅವ್ವ ತಾಟಿನಲ್ಲಿ ಜೋಳದ ಕಟಕ ರೊಟ್ಟಿ ಇಟ್ಟಳು. ಎಂಟು ದಿನದ ಹಿಂದೆ ಬಡಿದದ್ದು, ಮುರಿದರೆ ಟಪ್ಪೆನ್ನುವಂಥದ್ದು. ಪಕ್ಕದಲ್ಲಿ ಒಂದು ಬಟ್ಟಲು ನೀರು.

ಅವನು ಒಂದು ಚೂರು ಮುರಿದು ಬಾಯಿಗೆ ಹಾಕಿ ಈ ಕಡೆ ಆ ಕಡೆ ಹೊರಳಿಸಿದ. ಆಗಲಿಲ್ಲ. ಕೈಗೆ ತೆಗೆದುಕೊಂಡ. ನೀರಿನ ಬಟ್ಟಲನ್ನು ನೋಡಿದ, ಅವ್ವನನ್ನು ನೋಡಿದ. ಅವಳು ಎದುರಿಗೆ ಕೂತಿದ್ದಳು. ಹದಿಮೂರು ವರ್ಷಗಳಲ್ಲಿ ಮೊದಲ ಸಲ, ಬೇರೆಯವರೆದುರು, ಅವಳ ಬಾಯಿಗೆ ಸೆರಗಿರಲಿಲ್ಲ.

"ನೀರಾಗ ಅದ್ದಿಕೋ," ಎಂದಳು. "ಗಡಬಡಿ ಮಾಡಬ್ಯಾಡ. ನೆನ್ಯಾಕ ಹೊತ್ತು ಬೇಕು."

ಅವನು ಅದ್ದಿಕೊಂಡ. ರೊಟ್ಟಿ ನೆನೆಯುವವರೆಗೆ ಬಟ್ಟಲನ್ನೇ ನೋಡುತ್ತ ಕೂತ. ವಿರುಪಣ್ಣ ಹೊಸ್ತಿಲಾಚೆ ತಿರುಗಿ ನಿಂತ. ಮುದುಕಪ್ಪ ಬಾಗಿ, ಮೆತ್ತಗಾದ ಚೂರುಗಳನ್ನು ಒಂದೊಂದಾಗಿ ವಸಡಿನಿಂದ ಅರೆದು ನುಂಗಿದ. ಗದ್ದದ ಮೇಲೆ ನೀರು ಇಳಿಯಿತು. ಅವ್ವ ಒಂದು ತುತ್ತನ್ನೂ ಬಿಡದೆ ನೋಡಿದಳು. ಮರುಕವಾಗಬೇಕಿತ್ತು ಎಂದು ನಾನು ಕಾದೆ. ಆಗಲಿಲ್ಲ. ಇಂದಿಗೂ ಆಗಿಲ್ಲ. ಆಗಿಲ್ಲವಲ್ಲ ಎಂಬ ಅಂಜಿಕೆಯೊಂದು ಮಾತ್ರ ಇದೆ.

ತಾಟು ಬರಿದಾಯಿತು. ಅವನು ಕೈ ತೊಳೆದು, ಒಲೆಯ ಮೇಲಿನ ಗೂಡಿನ ಕಡೆ ನೋಡಿದ.

ಅವ್ವ ಎದ್ದಳು. ರೊಟ್ಟಿಯ ಬುಟ್ಟಿಯ ಕಡೆ ಹೋದಳು.

"ಇನ್ನೊಂದು ಹಾಕಲೇನಪಾ?" ಎಂದಳು.